ಮಳೆಗಾಲಕ್ಕೆ ಎಲ್ಲಿರ್ತೀಯ?

ದೀಪಾವಳಿ ಕಳೆದ ಮೇಲೆ ಒಂದು ಹಳೇ ಟಾಟಾ ವಿಂಗರ್ ತಗೊಂಡೆ. ಬೆಂಗಳೂರಿಂದ ಓಡಿಸಿಕೊಂಡು ಬಂದು ಸಾರಥಿಯ ನಮ್ಮ ಮನೆ ಮುಂದೆ ನಿಲ್ಲಿಸಿದಾಗ ಅಮ್ಮ ಹೊರಗೆ ಬಂದು ವ್ಯಾನಿಗೆ ಒಂದು ಸುತ್ತು ಹಾಕಿದಳು. "ಬಾಡಿಗಿಗೆ ಬಿಡ್ತೀಯೇನು?" ಅಂದಳು. ಇಲ್ಲಮ್ಮ, ನಾನೇ ಇದರಲ್ಲಿ ಇರ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಯಾರಾದ್ರೂ ನಿನ್ನ ಮಗನ ಮನಿ ಎಲ್ಲೈತಿ ಅಂದ್ರೆ ಏನ್ ಹೇಳ್ಲಿ?"

ಉತ್ತರ ಇರಲಿಲ್ಲ. ಅದಕ್ಕೇ ಈ ಬರಹ.

ಸಾರಥಿ ಅನ್ನೋದು ಹರಿಹರ ತಾಲ್ಲೂಕಿನ ಒಂದು ಹಳ್ಳಿ. ಕೃಷ್ಣ ಮಾಡಿದ ಕೆಲಸದ ಹೆಸರಿರುವ ಊರಲ್ಲಿ ಬೆಳೆದ ನಾನು ಸ್ಟಿಯರಿಂಗ್ ಹಿಡಿದದ್ದು ಮಾತ್ರ ಇಪ್ಪತ್ತೈದು ದಾಟಿದ ಮೇಲೆ :-) ಈ ವರ್ಷ ನನ್ನ ಮದುವೆ ಮುರೀತು. ಯಾರ ತಪ್ಪು ಅನ್ನೋದು ಇಲ್ಲಿ ಬೇಡ. ಕೋರ್ಟಿನ ಕಾಗದ ಕೈಗೆ ಬಂದ ಮೇಲೆ ಬಾಡಿಗೆ ಮನೆ ಖಾಲಿ ಮಾಡಿದೆ. ಹೊಸ ಮನೆ ನೋಡೋಕೆ ಹೋದಲ್ಲೆಲ್ಲ ಒಂದೇ ಪ್ರಶ್ನೆ, "ಫ್ಯಾಮಿಲಿನಾ, ಬ್ಯಾಚುಲರಾ?" ಎರಡೂ ಅಲ್ಲ ಅಂತ ಹೇಳಿ ಹೇಳಿ ಸಾಕಾಯ್ತು. ಕೆಲಸ ಹೇಗೂ ಲ್ಯಾಪ್‌ಟಾಪಿನಲ್ಲಿ. ಮನೆಗೆ ಚಕ್ರ ಹಾಕಿದರೆ ಹೇಗೆ ಅಂತ ಯೋಚನೆ ಬಂದದ್ದು ಆಗ.

ತಯಾರಿ ಅಂದರೆ ಲೆಕ್ಕ. ಲ್ಯಾಪ್‌ಟಾಪಿಗೆ 60 ವ್ಯಾಟ್, ಎಂಟು ಗಂಟೆಗೆ 480 ವ್ಯಾಟ್-ಅವರ್. ಫ್ಯಾನಿಗೆ 240. ದೀಪ, ಫೋನು, ರೌಟರ್ ಎಲ್ಲ ಸೇರಿ 80. ಒಟ್ಟು ದಿನಕ್ಕೆ 800. ನೂರು ಆಂಪಿಯರ್-ಅವರಿನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1280 ಸಿಗುತ್ತದೆ, ಅಂದರೆ ಒಂದೂವರೆ ದಿನ. ಬಿಸಿಲಿದ್ದರೆ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಅದನ್ನು ಹೇಗೋ ತುಂಬಿಸುತ್ತದೆ. ನೀರಿಗೆ 20 ಲೀಟರಿನ ಎರಡು ಕ್ಯಾನು. ಮಲಗೋಕೆ ಬಡಗಿಯ ಹತ್ತಿರ ಬಿಚ್ಚಿ ಜೋಡಿಸುವ ಮಂಚ ಮಾಡಿಸಿದೆ. ಬಿಚ್ಚುವ ಮಂಚವೇ ಯಾಕೆ ಅಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ಕೊರೆದು ಬೆಸುಗೆ ಹಾಕುವ ಮೊದಲು ಕಾಯ್ದೆ ಓದೋದು ಒಳ್ಳೆಯದು.

ಇಷ್ಟೆಲ್ಲ ಆದ ಮೇಲೂ ಅಮ್ಮನ ಪ್ರಶ್ನೆ ಹಾಗೇ ಇತ್ತು. ಇಂಟರ್ನೆಟ್ಟಿನಲ್ಲಿ ವ್ಯಾನ್ ಬದುಕಿನ ಬಗ್ಗೆ ಸಿಗೋದೆಲ್ಲ ಅಮೆರಿಕದ್ದೇ. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳಕೊಂಡು, ವಯಸ್ಸಾದ ಕಾಲಕ್ಕೆ ವ್ಯಾನಿನಲ್ಲಿ ಊರೂರು ತಿರುಗಿ ಕೂಲಿ ಮಾಡುವವರ ಬಗ್ಗೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಅಂತ ಪುಸ್ತಕ ಬರೆದಳು, ಅದು ಸಿನಿಮಾ ಕೂಡ ಆಯಿತು. ನೋಡಿ ಮುಗಿಸಿದಾಗ ಅನ್ನಿಸಿತು: ಚಲಿಸುವ ಮನೆ ನಮಗೇನು ಹೊಸದು? ನಮ್ಮ ಜಿಲ್ಲೆಯಲ್ಲೇ ಅದರ ಚರಿತ್ರೆ ಬಿದ್ದಿದೆಯಲ್ಲ!

* * *

ನಮ್ಮ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಸೂರಗೊಂಡನಕೊಪ್ಪ ಇದೆ. ಬಂಜಾರರ ಸಂತ ಸೇವಾಲಾಲರು ಹುಟ್ಟಿದ ಊರು. ಹುಟ್ಟಿದ್ದು 1739ರ ಫೆಬ್ರವರಿ 15 ಅನ್ನುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ಬೇರೆ ರಾಜ್ಯಗಳಿಂದಲೂ ಜನ ಬರುತ್ತಾರೆ. ನಾವು ಲಂಬಾಣಿಗಳು ಅನ್ನುವ ಈ ಜನರ ಹೆಸರು ಲವಣದಿಂದ, ಅಂದರೆ ಉಪ್ಪಿನಿಂದ ಬಂತು ಅನ್ನುವ ಮಾತಿದೆ. ಹೇರೆತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ಸಾಗಿಸುವುದೇ ಇವರ ಕಸುಬಾಗಿತ್ತು.

ಇವರು ಸರಕಿನ ಜೊತೆ ಹೋಗಿ ವಾಪಸ್ ಮನೆಗೆ ಬರುವವರಲ್ಲ, ಮನೆಯೂ ಸರಕಿನ ಜೊತೆಗೇ ಹೋಗುತ್ತಿತ್ತು. 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ ಪೀಟರ್ ಮುಂಡಿ ಅನ್ನುವ ಇಂಗ್ಲಿಷ್ ವ್ಯಾಪಾರಿಗೆ ಒಂದು ತಾಂಡಾ ಎದುರಾಯಿತು. 14,000 ಎತ್ತುಗಳು, ಆರೇಳು ನೂರು ಜನ ಗಂಡಸರು, ಹೆಂಗಸರು, ಮಕ್ಕಳು. ದಿನಕ್ಕೆ ಆರೇಳು ಮೈಲಿ, ಅಂದರೆ ಹತ್ತು ಹನ್ನೊಂದು ಕಿಲೋಮೀಟರ್. ನನ್ನ ವಿಂಗರ್ ಅಷ್ಟು ದೂರವನ್ನು ಹತ್ತು ನಿಮಿಷದಲ್ಲಿ ದಾಟುತ್ತದೆ. ಆದರೆ ಅದರಲ್ಲಿ ಇರೋದು ಒಬ್ಬನೇ.

ಈ ಎತ್ತುಗಳ ಬೆಲೆ ಎಷ್ಟು ಅಂತ ಗೊತ್ತಾಗಿದ್ದು ಯುದ್ಧದಲ್ಲಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ. ಆದರೆ ಎತ್ತುಗಳು ಸತ್ತವು, ಸೈನ್ಯಕ್ಕೆ ಅಕ್ಕಿ ಇಲ್ಲ. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಅದೇ ಹೊತ್ತಿಗೆ ಪರಶುರಾಮ ಭಾವೂನ ಮರಾಠಾ ಸೈನ್ಯ ಧಾರವಾಡದ ಕೋಟೆ ಹಿಡಿದು, ನಮ್ಮ ತುಂಗಭದ್ರೆ ದಾಟಿ ದಕ್ಷಿಣಕ್ಕೆ ಇಳಿದಿತ್ತು. ಮೇ ಕೊನೆಯಲ್ಲಿ ಎರಡೂ ಸೈನ್ಯ ಕೂಡಿದಾಗ ಹಸಿದ ಇಂಗ್ಲಿಷರಿಗೆ ದುಬಾರಿ ಬೆಲೆಗೆ ದವಸ ಸಿಕ್ಕಿದ್ದು ಮರಾಠರ ದಂಡಿನ ಬಜಾರಿನಲ್ಲಿ. ತೋಪುಗಳೆಲ್ಲ ಇದ್ದೂ ಯುದ್ಧ ನಿಂತಿದ್ದು ಎತ್ತಿನ ಬೆನ್ನಿನ ಮೇಲೆ!

ಆ ಮರಾಠಾ ಸೈನ್ಯದ ಜೊತೆಗಿದ್ದ ಕಂಪನಿಯ ಅಧಿಕಾರಿ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಂಜಾರರ ಬಗ್ಗೆಯೂ ಬರೆದಿದ್ದಾನೆ. ಅವರು ಯಾರ ಪಕ್ಷವೂ ಅಲ್ಲ, ಯಾರು ಕೊಂಡರೂ ಮಾರುತ್ತಾರೆ. ಎಲ್ಲರಿಂದ ದೂರ ಬೇರೆಯೇ ಬೀಡು ಬಿಡುತ್ತಾರೆ, ತಮ್ಮ ಕಾವಲು ತಾವೇ. ಎತ್ತು ಹೊಡೆಯುವವರು ಹೆಂಗಸರು. ಇದರ ಜೊತೆಗೆ ಅವನಿಗೆ ಇನ್ನೊಂದು ಅನ್ನಿಸಿತ್ತು: ಇವರಿಗೆ ಮನೆ ಅನ್ನೋದೇ ಇದ್ದಂತಿಲ್ಲ.

ಈ ಕೊನೆಯ ಮಾತಿನ ಹತ್ತಿರ ನಾನು ನಿಂತೆ. ಅವನು ಹುಡುಕಿದ್ದು ಗೋಡೆ, ಛಾವಣಿ. ಆರೇಳು ನೂರು ಜನ ಒಟ್ಟಿಗೆ ನಡೆದು, ಒಬ್ಬ ನಾಯಕನ ಮಾತು ಕೇಳಿ, ಒಟ್ಟಿಗೆ ಒಲೆ ಹಚ್ಚಿ, ಮಳೆಗಾಲದಲ್ಲಿ ದನಗಳಿಗೆ ಮೇವು ಸಿಗುವಲ್ಲಿ ನೆಲೆ ನಿಂತರೆ ಅದು ಮನೆಯಲ್ಲದೆ ಮತ್ತೇನು? ಎಲ್ಲಿದೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸೋಕೆ ಆಗಲ್ಲ, ಅಷ್ಟೆ.

* * *

ಹಾಗಾದರೆ ಆ ಮನೆ ನಿಂತದ್ದು ಯಾವಾಗ? ಅದರ ಗುರುತೂ ಹರಿಹರದಲ್ಲೇ ಇದೆ. 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಕಟ್ಟಿ ಮುಗಿಸಿದರು. ಕಲ್ಲು, ಇಟ್ಟಿಗೆಯ ಕೆಲಸ, 60 ಅಡಿ ಅಗಲದ 14 ಕಮಾನು, ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ. ಬೆಂಗಳೂರು-ಧಾರವಾಡದ ಹೆದ್ದಾರಿ ಅದರ ಮೇಲೆ ಹೋಯಿತು. 1880ರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಹರಿಹರಕ್ಕೆ ರೈಲೂ ಬಂತು. ಚಕ್ಕಡಿ, ರೈಲು ಬಂದ ಮೇಲೆ ಹೇರೆತ್ತು ಯಾರಿಗೆ ಬೇಕು? ನಮ್ಮಲ್ಲಿ ಮಾತ್ರ ಅಲ್ಲ, ದೇಶದ ತುಂಬ ಹೀಗೇ ಆಯಿತು. ಕಾಡಂಚಿನಲ್ಲಿ, ಗುಡ್ಡದ ಬುಡದಲ್ಲಿ ನಿಂತ ತಾಂಡಾ ಮತ್ತೆ ಏಳಲಿಲ್ಲ. ಚಲಿಸುವ ಬಿಡಾರದ ಹೆಸರೇ ಹಟ್ಟಿಯ ಹೆಸರಾಯಿತು.

ನಿಂತವರಿಗೆ ನೆಮ್ಮದಿ ಸಿಕ್ಕಿತೇ? ಇಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಉತ್ತರದಲ್ಲಿ, 1911ರ ನಂತರ ಮದ್ರಾಸ್ ಪ್ರಾಂತ್ಯದಲ್ಲೂ. ಸರ್ಕಾರ ಹೆಸರಿಸಿದ ಜಾತಿಯಲ್ಲಿ ಹುಟ್ಟಿದರೆ ಸಾಕು, ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು, ಪರವಾನಗಿ ಇಲ್ಲದೆ ಊರು ಬಿಡುವಂತಿಲ್ಲ. ಕೆಲವು ಕಡೆ ಬಂಜಾರರನ್ನೂ ಆ ಪಟ್ಟಿಗೆ ಸೇರಿಸಿದರು. ತಿರುಗುವುದೇ ಕಸುಬಾದವರಿಗೆ ತಿರುಗಿದ್ದೇ ತಪ್ಪು! ಈ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

ಇನ್ನೂ ಒಂದು ಮಾತು. ತಲೆಮಾರುಗಟ್ಟಲೆ ಒಂದೇ ಕಡೆ ಇದ್ದರೂ ಎಷ್ಟೋ ತಾಂಡಾಗಳು ಸರ್ಕಾರದ ಲೆಕ್ಕದಲ್ಲಿ ಕಂದಾಯ ಗ್ರಾಮಗಳೇ ಆಗಿರಲಿಲ್ಲ, ಮನೆಗೆ ಹಕ್ಕುಪತ್ರ ಇರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಉತ್ತರ ಕರ್ನಾಟಕದ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಎತ್ತಿನ ಜೊತೆ ನಡೆದ ಜನಕ್ಕೆ ವಿಳಾಸ ಸಿಗೋಕೆ ಅಷ್ಟು ಕಾಲ ಬೇಕಾಯಿತು. ನಾನು ಇಲ್ಲಿ ಇರುವ ವಿಳಾಸ ಬಿಡೋಕೆ ಹೊರಟಿದ್ದೆ, ಅದೂ ಖುಷಿಯಿಂದ.

* * *

ರೈಲು ಒಬ್ಬರ ಮನೆ ನಿಲ್ಲಿಸಿ ಇನ್ನೊಬ್ಬರ ಮನೆ ಹೊರಡಿಸಿತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಬೆಂಗಳೂರಿನಿಂದ ಗುಬ್ಬಿ ತನಕ ರೈಲು ಬಂದದ್ದೂ 1884ರಲ್ಲೇ. ನಮ್ಮ ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರು 1928ರಲ್ಲಿ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿ ಕಟ್ಟಿದರು. ಜನರ ಬಾಯಲ್ಲಿ ಕೆಬಿಆರ್ ಡ್ರಾಮಾ ಕಂಪನಿ. ಅವರ ಮಗಳು ಚಿಂದೋಡಿ ಲೀಲಾ ಬೆಳೆದದ್ದೇ ಆ ಕಂಪನಿಯಲ್ಲಿ. 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ಕಂಪನಿ ನಾಟಕದವರು ಒಂದೂರಲ್ಲಿ ಕ್ಯಾಂಪ್ ಹಾಕಿದರೆ ಪರದೆ, ಪೆಟ್ಟಿಗೆ, ಅಡುಗೆಯವರು, ಮಕ್ಕಳು ಎಲ್ಲ ಅಲ್ಲೇ. ಕಲೆಕ್ಷನ್ ಇಳಿದರೆ ಮುಂದಿನೂರು. ಇಲ್ಲೂ ಗಮನಿಸಿ, ಒಬ್ಬನೇ ಹೋದವನು ಯಾರೂ ಇಲ್ಲ.

ಚರಿತ್ರೆಯಿಂದ ವರ್ತಮಾನಕ್ಕೆ ಬಂದದ್ದು ಹೋದ ವಾರ. ನಮ್ಮ ಕಡೆ ಭದ್ರಾ ನಾಲೆಯ ಕೊನೆಯ ಭಾಗ, ಭತ್ತದ ಗದ್ದೆಗಳು. ಕೊಯ್ಲಾದ ಮೇಲೆ ಉತ್ತರದ ಕಡೆಯಿಂದ ಕುರಿಗಾರರು ಬಂದು ಗದ್ದೆಯಲ್ಲಿ ಕುರಿ ನಿಲ್ಲಿಸುತ್ತಾರೆ. ಗದ್ದೆಗೆ ಗೊಬ್ಬರ, ಅವರಿಗೆ ಕಾಳು ಅಥವಾ ದುಡ್ಡು. ಕುದುರೆ ಮೇಲೆ ಪಾತ್ರೆ, ಕೋಳಿ, ಹಾಸಿಗೆ, ಅದರ ಮೇಲೆ ಒಂದು ಮಗು. ಒಬ್ಬ ಹಿರಿಯರು ನನ್ನ ವ್ಯಾನಿನೊಳಗೆ ಇಣುಕಿ ಮಂಚ, ಬ್ಯಾಟರಿ ಎಲ್ಲ ನೋಡಿದರು. ಇದರಲ್ಲೇ ಇರ್ತೀನಿ ಅಂದೆ. ಆಶ್ಚರ್ಯವೇನೂ ಪಡಲಿಲ್ಲ. ಎರಡೇ ಪ್ರಶ್ನೆ ಕೇಳಿದರು.

"ಜೋಡಿ ಯಾರ ಅದಾರ್ರಿ?"

ಯಾರೂ ಇಲ್ಲ ಅಂದೆ.

"ಮಳಿಗಾಲಕ್ಕ ಎಲ್ಲಿರ್ತೀರಿ?"

ಗೊತ್ತಿಲ್ಲ ಅಂದೆ. ಅವರು ನಕ್ಕರು. "ನಾವು ತಿರುಗಾವ್ರ ಖರೆ, ಆದ್ರ ಮುಂಗಾರಿಗೆ ಊರಿಗೆ ಹೊಕ್ಕೀವ್ರಿ. ಮುದುಕರು ಅಲ್ಲೇ ಅದಾರ."

ಬ್ಯಾಟರಿ ಲೆಕ್ಕ, ನೀರಿನ ಲೆಕ್ಕ ಎಲ್ಲ ಮಾಡಿದ್ದೆ. ಈ ಎರಡು ಲೆಕ್ಕ ಮಾತ್ರ ಬಿಟ್ಟಿದ್ದೆ. ತಾಂಡಾಕ್ಕೆ ನಾಯಕ, ಕಂಪನಿಗೆ ಮಾಲೀಕ, ಕುರಿಗಾರರಿಗೆ ಮನೆಮಂದಿ. ತಿರುಗಿದವರೆಲ್ಲ ಹೊಟ್ಟೆಪಾಡಿಗೆ ತಿರುಗಿದರು, ಜೊತೆಯಲ್ಲಿ ತಿರುಗಿದರು, ಮಳೆಗೆ ಒಂದು ಕಡೆ ನಿಂತರು. ನಾನು ಹೊರಟಿದ್ದು ಹಾಗಲ್ಲ. ಒಬ್ಬರಿಂದ ತಪ್ಪಿಸಿಕೊಳ್ಳೋಕೆ ಹೋಗಿ ಎಲ್ಲರಿಂದಲೂ ತಪ್ಪಿಸಿಕೊಳ್ಳೋಕೆ ಹೊರಟಿದ್ದೆ.

ಇಲ್ಲಿಯವರೆಗೆ ಹೇಳದ ವಿಷಯ ಒಂದಿದೆ. ಅಪ್ಪ ಹೋದ ಮೇಲೆ ಸಾರಥಿಯ ಮನೆಯಲ್ಲಿ ಅಮ್ಮ ಒಬ್ಬಳೇ. ನಾನು ವ್ಯಾನು ಹತ್ತಿದರೆ ಈ ಮನೆ ಮಾರಿ ಅವಳು ದಾವಣಗೆರೆಯಲ್ಲಿ ಅಕ್ಕನ ಜೊತೆ ಇರಲಿ ಅಂತ ಮಾತಾಗಿತ್ತು. ಕೇಳುವವರೂ ಬಂದು ನೋಡಿ ಹೋಗಿದ್ದರು. ಅಮ್ಮ ಹೂಂ ಅಂದಿದ್ದಳು, ಆದರೆ ಅವತ್ತಿನಿಂದ ಹಿತ್ತಲ ನುಗ್ಗೆ ಗಿಡಕ್ಕೆ ನೀರು ಹಾಕೋದು ಬಿಟ್ಟಿದ್ದಳು.

ಕುರಿಗಾರರು ಮಾತಾಡಿಸಿ ಹೋದ ದಿನ ಸಂಜೆ ಅವರಿಗೆ ಫೋನ್ ಮಾಡಿ, ಮನೆ ಕೊಡಲ್ಲ ಅಂದೆ.

ಸಂಕ್ರಾಂತಿ ಮುಗಿಸಿ ಹೊರಡ್ತೀನಿ. ಮೊದಲು ಸೂರಗೊಂಡನಕೊಪ್ಪ, ಆಮೇಲೆ ಮಲೆನಾಡಿನ ಕಡೆ. ದಿನಾ ರಾತ್ರಿ ಎಂಟಕ್ಕೆ ಗಾಡಿ ಎಲ್ಲಿ ನಿಲ್ಲಿಸಿದೆ ಅಂತ ಅಮ್ಮನಿಗೆ ಹೇಳಬೇಕು, ಹೇಳದಿದ್ದರೆ ಅಕ್ಕ ಹುಡುಕಿಸಬೇಕು, ಹೀಗೆ ಒಪ್ಪಂದ. ತುಂಗಭದ್ರೆ ತುಂಬಿ ಬಂದರೆ ಸಾರಥಿಯಿಂದ ಚಿಕ್ಕಬಿದರೆಗೆ ಹೋಗುವ ರಸ್ತೆ ನೀರಲ್ಲಿ ಮುಳುಗುತ್ತದೆ. ಅಷ್ಟರೊಳಗೆ ನಾನು ಮನೆಯಲ್ಲಿರಬೇಕು.

ನಿನ್ನೆ ಮಂಚ ಜೋಡಿಸುತ್ತಿದ್ದಾಗ ಪಕ್ಕದ ಮನೆ ಅಜ್ಜಿ ಅಮ್ಮನನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು, ನಿನ್ನ ಮಗ ಎಲ್ಲಿಗೆ ಹೊಂಟಾನೆ, ಇನ್ನು ಮನಿ ಎಲ್ಲಿ ಅಂತ.

"ಮನಿ ಇಲ್ಲೇ ಐತಿ," ಅಂದಳು ಅಮ್ಮ. "ತಿರುಗಾಕೆ ಹೊಂಟಾನೆ. ಮೃಗಶಿರ ಮಳಿಗೆ ಬರ್ತಾನೆ."

ನಿಮ್ಮ ಊರಿನ ಕಡೆಯೂ ಹೇರೆತ್ತಿನವರ, ಕಂಪನಿಯವರ ನೆನಪು ಇರುವ ಹಿರಿಯರು ಇದ್ದರೆ ತಿಳಿಸಿ. ಆ ದಾರಿಯಲ್ಲಿ ಬಂದಾಗ ಕೇಳಿಕೊಂಡು ಬರ್ತೀನಿ. ಗಾಡಿ ನಿಲ್ಲಿಸೋಕೆ ಒಂದಿಷ್ಟು ಜಾಗ ಇದ್ದರೆ ಇನ್ನೂ ಒಳ್ಳೆಯದು :-)