ಹಲವು ಡೈರೆಕ್ಟರಿಗಳಲ್ಲಿನ ಅನುಪಯುಕ್ತ ಗಣಕ ಕಡತಗಳನ್ನು ಹುಡುಕಿ ಅಳಿಸುವ ವಿಧಾನ

ಉದ್ದೇಶ

ಲಿನಕ್ಸ್ ಗಣಕಯಂತ್ರಗಳಲ್ಲಿ ದಿನನಿತ್ಯದ ಕೆಲಸದಿಂದ ಉಳಿಯುವ ತಾತ್ಕಾಲಿಕ ಕಡತಗಳು ಸ್ಥಳಾವಕಾಶವನ್ನು ಆಕ್ರಮಿಸುತ್ತವೆ. ಇವು ಹಲವು ಡೈರೆಕ್ಟರಿಗಳಲ್ಲಿ ಹರಡಿದ್ದಲ್ಲಿ, ‘ಫೈಂಡ್’ ಆಜ್ಞೆಯುಳ್ಳ ಶೆಲ್ ಸ್ಕ್ರಿಪ್ಟ್ ಮೂಲಕ ಒಮ್ಮೆಗೇ ಪತ್ತೆಹಚ್ಚಬಹುದಾಗಿದೆ.

1. ಪಟ್ಟಿ ತಯಾರಿಸುವುದು

ತಾಲ್ಲೂಕುವಾರು ಮೂರು ಡೈರೆಕ್ಟರಿಗಳಿವೆ ಎಂದು ಭಾವಿಸಿದಲ್ಲಿ ಆಜ್ಞೆಯು ಹೀಗಿರುತ್ತದೆ (ಟಂಕಿಸುವಾಗ ರೋಮನ್ ಲಿಪಿಯನ್ನೇ ಬಳಸತಕ್ಕದ್ದು):

ಫೈಂಡ್ ತಿಪಟೂರು ತುರುವೇಕೆರೆ ಚಿಕ್ಕನಾಯಕನಹಳ್ಳಿ -ಟೈಪ್ ಎಫ್ -ನೇಮ್ '*.ಟಿಎಂಪಿ' -ಎಂಟೈಮ್ +90 -ಪ್ರಿಂಟ್

‘-ಟೈಪ್ ಎಫ್’ ಎಂಬುದು ಕಡತಗಳನ್ನು ಮಾತ್ರ ಆಯ್ದು ಡೈರೆಕ್ಟರಿಗಳನ್ನು ಬಿಡುತ್ತದೆ. ‘-ನೇಮ್’ ಹೆಸರಿನ ಷರತ್ತು. ‘-ಎಂಟೈಮ್ +90’ ಎಂದರೆ ಕನಿಷ್ಠ 91 ದಿನಗಳಿಂದ ಬದಲಾವಣೆಯಾಗದ ಕಡತ. ‘-ಪ್ರಿಂಟ್’ ಪಟ್ಟಿಯನ್ನಷ್ಟೇ ನೀಡುತ್ತದೆ, ಏನನ್ನೂ ಅಳಿಸುವುದಿಲ್ಲ.

2. ಪಟ್ಟಿಯನ್ನು ಪರಿಶೀಲಿಸುವುದು

ಸ್ಕ್ರಿಪ್ಟ್ ಕಡತದ ಹೆಸರು ಮತ್ತು ದಿನಾಂಕವನ್ನು ನೋಡುತ್ತದೆಯೇ ಹೊರತು ಅದರ ಮಹತ್ವವನ್ನಲ್ಲ. ಉದಾಹರಣೆಗೆ, ಬೆಂಬಲ ಬೆಲೆಯಲ್ಲಿ ಕೊಬ್ಬರಿ ಮಾರಲು ಹೆಸರು ನೋಂದಾಯಿಸಿದ ಬೆಳೆಗಾರರ ಪಟ್ಟಿಯು ನೋಂದಣಿ ಮುಗಿದ ನಂತರ ತಿಂಗಳುಗಟ್ಟಲೆ ಬದಲಾಗದಿರಬಹುದು. ಆದರೆ ಹಣ ಪಾವತಿಯಾಗುವವರೆಗೂ, ತದನಂತರ ತಕರಾರು ಬಂದಾಗಲೂ ಬೆಳೆಗಾರನಿಗೆ ಅದೇ ಆಧಾರ. ಹೆಸರಿನ ಷರತ್ತನ್ನು ಕೈಬಿಟ್ಟಲ್ಲಿ ಅಂತಹ ಕಡತವೂ ಅಳಿಸುವ ಪಟ್ಟಿಗೆ ಸೇರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಹಳೆಯ ಕಡತವನ್ನು ನಕಲು ಮಾಡಿದಾಗ ಸಾಮಾನ್ಯವಾಗಿ ಹೊಸ ದಿನಾಂಕ ಬೀಳುತ್ತದೆ.

ಆದುದರಿಂದ ಸಂಬಂಧಿತ ವಿಷಯ ನಿರ್ವಾಹಕರು ಪಟ್ಟಿಯನ್ನು ಪರಿಶೀಲಿಸಿದ ನಂತರವೇ ಮುಂದುವರಿಯತಕ್ಕದ್ದು. ಕಾಗದದ ಕಡತಗಳಿಗೆ ಅನ್ವಯಿಸುವ ವರ್ಗೀಕರಣವನ್ನು (ಎ-ಶಾಶ್ವತ, ಬಿ-30, ಸಿ-10, ಡಿ-5, ಇ-1 ವರ್ಷ) ಇಲ್ಲಿಯೂ ಗಮನದಲ್ಲಿರಿಸಿಕೊಳ್ಳುವುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 20ರಂತೆ, ಕೋರಿಕೆಗೆ ಒಳಪಟ್ಟಿರುವ ಮಾಹಿತಿಯನ್ನು ನಾಶಪಡಿಸಿದಲ್ಲಿ ದಿನಕ್ಕೆ ರೂ. 250ರಂತೆ ಗರಿಷ್ಠ ರೂ. 25,000 ದಂಡ ವಿಧಿಸಲು ಅವಕಾಶವಿದೆ.

3. ಅಳಿಸುವುದು

ಅ) ಮೊದಲು ಪ್ರತ್ಯೇಕ ಮಾಧ್ಯಮದಲ್ಲಿ ಪ್ರತಿಯನ್ನು ತೆಗೆದಿರಿಸಿ, ಅದು ತೆರೆಯುವುದೇ ಎಂದು ಖಚಿತಪಡಿಸಿಕೊಳ್ಳುವುದು.

ಆ) ಪರಿಶೀಲಿಸಿದ ಆಜ್ಞೆಯಲ್ಲಿ ‘-ಪ್ರಿಂಟ್’ ಬದಲಿಗೆ ‘-ಡಿಲೀಟ್’ ಎಂದು ಕೊನೆಯಲ್ಲಿಯೇ ಬರೆಯುವುದು. ಷರತ್ತುಗಳಿಗಿಂತ ಮೊದಲು ಬರೆದಲ್ಲಿ ಯಾವ ಷರತ್ತೂ ಅನ್ವಯವಾಗದೆ ಮೂರೂ ಡೈರೆಕ್ಟರಿಗಳಲ್ಲಿನ ಎಲ್ಲ ಕಡತಗಳೂ ಅಳಿಸಿಹೋಗುತ್ತವೆ.

ಇ) ಹೀಗೆ ಅಳಿಸಿದ ಕಡತಗಳು ಕಸದ ಬುಟ್ಟಿಗೆ ಹೋಗುವುದಿಲ್ಲ, ಪ್ರತಿ ಇಲ್ಲದಿದ್ದಲ್ಲಿ ಅವುಗಳನ್ನು ಮರಳಿ ಪಡೆಯುವುದು ದುಸ್ತರ.

ಈ) ಅಳಿಸಿದ ಕಡತಗಳ ಪಟ್ಟಿ, ದಿನಾಂಕ ಮತ್ತು ಅನುಮೋದನೆಯನ್ನು ಕಛೇರಿ ಕಡತದಲ್ಲಿ ಇರಿಸುವುದು.