ಮೇಜುಗಣಕ ತಾನಾಗಿ ಆರಿಹೋಗುವ ದೋಷ

ಮೇಜುಗಣಕ ತಾನಾಗಿ ಆರಿಹೋಗುವ ದೋಷ ಎಂದರೆ ಡೆಸ್ಕ್‌ಟಾಪ್ ಕಂಪ್ಯೂಟರು ಗುಂಡಿ ಒತ್ತಿದಾಗ ಚಾಲನೆಗೊಂಡರೂ, ಬಳಕೆದಾರರು ಆಜ್ಞೆ ನೀಡದೆಯೇ ಕೆಲವು ಕ್ಷಣಗಳಲ್ಲಿ, ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಪೂರ್ತಿಯಾಗಿ ನಿಂತುಹೋಗುವ ಸ್ಥಿತಿ. ಇದು ಸ್ವತಃ ಒಂದು ರೋಗವಲ್ಲ, ಹಲವು ಕಾರಣಗಳಿಗೆ ಸಮಾನವಾದ ಒಂದು ಲಕ್ಷಣ. ಗೋಡೆಯ ಸಾಕೆಟ್ಟಿನ ಸಡಿಲ ತಂತಿಯಿಂದ ಹಿಡಿದು ಮದರ್‌ಬೋರ್ಡಿನ ಹಾನಿಯವರೆಗೆ ಯಾವುದೂ ಇದಕ್ಕೆ ಕಾರಣವಾಗಬಹುದು. ಕ್ರಮವಿಲ್ಲದೆ ಭಾಗಗಳನ್ನು ಬದಲಾಯಿಸಿದರೆ ಹಣ ವ್ಯರ್ಥವಾಗುತ್ತದೆ. ದೋಷವನ್ನು ಕಡೆಗಣಿಸಿದರೆ ಹಾರ್ಡ್‌ಡಿಸ್ಕಿನಲ್ಲಿರುವ ಕಡತಗಳು ಕೆಡಬಹುದು.

ವಿದ್ಯುತ್ ಹರಿಯುವ ಬಗೆ

ಭಾರತದಲ್ಲಿ ಮನೆಗಳಿಗೆ ಬರುವ ವಿದ್ಯುತ್ತಿನ ಗೊತ್ತುಪಡಿಸಿದ ಪ್ರಮಾಣ 230 ವೋಲ್ಟ್, 50 ಹರ್ಟ್ಸ್. ಗಣಕದ ಪೆಟ್ಟಿಗೆಯೊಳಗಿನ ವಿದ್ಯುತ್ ಪೂರೈಕೆ ಘಟಕವು ಇದನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಅಂಗಡಿಗಳಲ್ಲಿ ಇದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಇಂಟೆಲ್ ಸಂಸ್ಥೆ 1995ರಲ್ಲಿ ಹೊರತಂದ ಎಟಿಎಕ್ಸ್ ಮಾನದಂಡವನ್ನು ಬಹುಪಾಲು ಮೇಜುಗಣಕಗಳು ಅನುಸರಿಸುತ್ತವೆ.

ಈ ವ್ಯವಸ್ಥೆಯಲ್ಲಿ ಮುಂಭಾಗದ ಗುಂಡಿಯು ಮುಖ್ಯ ವಿದ್ಯುತ್ತನ್ನು ನೇರವಾಗಿ ಜೋಡಿಸುವುದಿಲ್ಲ. ಅದು ಮದರ್‌ಬೋರ್ಡಿಗೆ ಒಂದು ಸೂಚನೆಯನ್ನು ಮಾತ್ರ ಕಳುಹಿಸುತ್ತದೆ. ಮದರ್‌ಬೋರ್ಡು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಅನ್ನು ಎಚ್ಚರಿಸುತ್ತದೆ. ಎಲ್ಲ ವೋಲ್ಟೇಜುಗಳೂ ಸ್ಥಿರಗೊಂಡ ಮೇಲೆ, ಸುಮಾರು 100ರಿಂದ 500 ಮಿಲಿಸೆಕೆಂಡುಗಳಲ್ಲಿ, ಎಸ್‌ಎಂಪಿಎಸ್ ‘ವಿದ್ಯುತ್ ಸರಿಯಾಗಿದೆ’ ಎಂಬ ಸಂಕೇತವನ್ನು ಹಿಂದಿರುಗಿಸುತ್ತದೆ. ಈ ಸಂಕೇತ ಬರದಿದ್ದರೆ ಅಥವಾ ನಡುವೆ ತಪ್ಪಿದರೆ ಗಣಕವು ಓಡದು. ಆದ್ದರಿಂದ ಗಣಕವು ತಾನಾಗಿ ಆರುವುದು ಅನೇಕ ವೇಳೆ ಒಂದು ರಕ್ಷಣಾ ಕ್ರಮವೇ ಆಗಿರುತ್ತದೆ.

ಆರುವ ಸಮಯದಿಂದ ಕಾರಣದ ಊಹೆ

ಮೊದಲು ಗಣಕವು ನಿಜವಾಗಿ ಆರಿತೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪರದೆ ಕಪ್ಪಾಗಿ, ಪೆಟ್ಟಿಗೆಯ ಫ್ಯಾನು ತಿರುಗುತ್ತಲೇ ಇದ್ದರೆ ದೋಷವು ಮಾನಿಟರ್, ಅದರ ಕೇಬಲ್ ಅಥವಾ ಗ್ರಾಫಿಕ್ಸ್ ಭಾಗದಲ್ಲಿರಬಹುದು, ಇಲ್ಲವೇ ಗಣಕವು ಸ್ತಬ್ಧಗೊಂಡಿರಬಹುದು. ಫ್ಯಾನೂ ದೀಪವೂ ಒಟ್ಟಿಗೆ ನಿಂತರೆ ಆರುವ ಸಮಯವೇ ಮುಖ್ಯ ಸುಳಿವು.

• ಒತ್ತಿದ ಕೂಡಲೇ ಫ್ಯಾನು ಒಮ್ಮೆ ಅಲುಗಾಡಿ ನಿಂತರೆ: ಶಾರ್ಟ್ ಸರ್ಕ್ಯೂಟ್, ಕೆಟ್ಟ ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡಿನಡಿ ಸಿಕ್ಕಿಕೊಂಡ ತಿರುಪು.
• ಪ್ರತಿಸಲವೂ ಸುಮಾರು 4 ಸೆಕೆಂಡಿಗೆ ಸರಿಯಾಗಿ ಆರಿದರೆ: ಸಿಕ್ಕಿಕೊಂಡ ಗುಂಡಿ. ಗುಂಡಿಯನ್ನು 4 ಸೆಕೆಂಡು ಒತ್ತಿ ಹಿಡಿದರೆ ಗಣಕವು ಬಲವಂತವಾಗಿ ಆರುವಂತೆ ರಚಿಸಲಾಗಿರುವುದೇ ಇದಕ್ಕೆ ಕಾರಣ.
• ಆರಿ, ಮತ್ತೆ ತಾನೇ ಹೊತ್ತಿ, ಇದೇ ಆವರ್ತಿಸಿದರೆ: ಸರಿಯಾಗಿ ಕೂರದ ರ್‍ಯಾಮ್ ಅಥವಾ ಪ್ರೊಸೆಸರಿನ ಪ್ರತ್ಯೇಕ ವಿದ್ಯುತ್ ಜೋಡಣೆಯ ಸಡಿಲಿಕೆ.
• ಕೆಲವು ನಿಮಿಷಗಳ ನಂತರ ಆರಿದರೆ: ಮಿತಿಮೀರಿದ ಶಾಖ.
• ಆಟ, ವಿಡಿಯೊ ಸಂಪಾದನೆಯಂತಹ ಭಾರದ ಕೆಲಸದಲ್ಲಿ ಮಾತ್ರ ಆರಿದರೆ: ದುರ್ಬಲ ಎಸ್‌ಎಂಪಿಎಸ್ ಅಥವಾ ಶಾಖ.
• ಮನೆಯ ದೀಪಗಳು ಮಿನುಗಿದಾಗ ಆರಿದರೆ: ಹೊರಗಿನ ವಿದ್ಯುತ್ತಿನ ಏರುಪೇರು.

ಹೊರಗಿನ ವಿದ್ಯುತ್ತಿನ ದೋಷಗಳು

ಕೊರವಂಗಲವೂ ಸೇರಿದಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಗೆ ವಿದ್ಯುತ್ ಒದಗಿಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ (ಸೆಸ್ಕ್). ಗ್ರಾಮೀಣ ಭಾಗಗಳಲ್ಲಿ ಮನೆಗಳಿಗೂ ನೀರಾವರಿ ಪಂಪ್‌ಸೆಟ್ಟುಗಳಿಗೂ ಒಂದೇ ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ ಹೋಗುವಲ್ಲಿ, ಪಂಪುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜು ಕುಸಿಯುತ್ತದೆ. ಎಟಿಎಕ್ಸ್ ಮಾನದಂಡದ ಎಸ್‌ಎಂಪಿಎಸ್ ಪೂರ್ಣ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡುಗಳ ವಿದ್ಯುತ್ ಅಭಾವವನ್ನು ಮಾತ್ರ ತಾಳಿಕೊಳ್ಳಬಲ್ಲದು. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡು. ಹೀಗಾಗಿ ಕಣ್ಣಿಗೆ ಕಾಣುವ ಮಿನುಗು ಗಣಕಕ್ಕೆ ದೀರ್ಘವಾದ ಕಡಿತವೇ ಸರಿ.

ತ್ರೀ ಫೇಸ್ ಸರಬರಾಜಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಪರಿಣಾಮ ಇನ್ನೂ ಗಂಭೀರ. ಆಗ ಕೆಲವು ಮನೆಗಳಲ್ಲಿ ದೀಪಗಳು ಮಂಕಾಗಿ, ಇನ್ನು ಕೆಲವೆಡೆ ಅತಿಯಾಗಿ ಉರಿಯುತ್ತವೆ; ವೋಲ್ಟೇಜು 400ರ ಸಮೀಪಕ್ಕೂ ಏರಬಹುದು. ಈ ಚಿಹ್ನೆ ಕಂಡರೆ ಮೇನ್ ಸ್ವಿಚ್ಚನ್ನು ಆರಿಸಿ 1912 ಸಂಖ್ಯೆಗೆ ದೂರು ನೀಡುವುದು ಉಚಿತ.

ಏಪ್ರಿಲ್, ಮೇ ತಿಂಗಳುಗಳ ಮುಂಗಾರುಪೂರ್ವ ಗುಡುಗು ಮಳೆಯಲ್ಲಿ ಸಿಡಿಲಿನ ಅಪಾಯವೂ ಇದೆ. ಸ್ವಿಚ್ಚು ಆರಿಸುವುದಷ್ಟೇ ಸಾಲದು, ಪ್ಲಗ್ಗನ್ನು ಕೀಳಬೇಕು. ಇಂಟರ್ನೆಟ್ ಕೇಬಲಿನ ಮೂಲಕವೂ ಆಘಾತವು ಮದರ್‌ಬೋರ್ಡನ್ನು ತಲುಪಬಲ್ಲದಾದ್ದರಿಂದ ಅದನ್ನೂ ಬಿಡಿಸಬೇಕು. ಈ ಕೆಲಸವನ್ನು ಮಳೆಗೆ ಮುನ್ನವೇ ಮಾಡಬೇಕು, ಸಿಡಿಲು ಬಡಿಯುತ್ತಿರುವಾಗಲ್ಲ.

ಪೆಟ್ಟಿಗೆಯ ಲೋಹವನ್ನು ಮುಟ್ಟಿದರೆ ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದಿರುವುದರ ಲಕ್ಷಣ. ಎಸ್‌ಎಂಪಿಎಸ್‌ನ ಒಳಗಿನ ಶೋಧಕ ಕೆಪ್ಯಾಸಿಟರುಗಳಿಂದ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಇಳಿಯಲು ದಾರಿ ಸಿಗದೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದರೂ ಮೂರನೆಯದಕ್ಕೆ ತಂತಿಯೇ ಇಲ್ಲದಿರಬಹುದು. ಇದ್ದಿಲು ಮತ್ತು ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯು ಬೇಸಿಗೆಯಲ್ಲಿ ಒಣಗಿದರೂ ಇದೇ ತೊಂದರೆ ಉಂಟಾಗುತ್ತದೆ. ಆಗಾಗ ನೀರು ಹೊಯ್ಯುವುದು ವಾಡಿಕೆ.

ಯುಪಿಎಸ್ ಇದ್ದಲ್ಲಿ ಅದನ್ನೂ ಪರೀಕ್ಷಿಸಬೇಕು. ಹಳತಾದ ಬ್ಯಾಟರಿಯ ಯುಪಿಎಸ್, ವಿದ್ಯುತ್ ಹೋದ ಕ್ಷಣವೇ ಗಣಕವನ್ನು ಕೈಬಿಡುತ್ತದೆ. ಗಣಕವನ್ನು ತಾತ್ಕಾಲಿಕವಾಗಿ ನೇರ ಸಾಕೆಟ್ಟಿಗೆ ಜೋಡಿಸಿದಾಗ ದೋಷ ಮಾಯವಾದರೆ ತಪ್ಪು ಯುಪಿಎಸ್ ಅಥವಾ ಸ್ಪೈಕ್ ಬಸ್ಟರಿನದು.

ಒಳಗಿನ ದೋಷಗಳು

ಶಾಖ: ಪ್ರೊಸೆಸರು ನಿಗದಿತ ಮಿತಿಗಿಂತ ಹೆಚ್ಚು ಬಿಸಿಯಾದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದಾಗ ಗಣಕವನ್ನು ಆರಿಸುತ್ತದೆ. ಹೀಟ್‌ಸಿಂಕಿನ ಸಂದುಗಳಲ್ಲಿ ಕಟ್ಟಿದ ಧೂಳು, ನಿಂತ ಫ್ಯಾನು, ಒಣಗಿದ ಥರ್ಮಲ್ ಪೇಸ್ಟ್ ಇದಕ್ಕೆ ಸಾಮಾನ್ಯ ಕಾರಣಗಳು. ಇರುವೆ, ಜಿರಲೆ, ಹಲ್ಲಿಗಳು ಪೆಟ್ಟಿಗೆಯನ್ನು ಹೊಕ್ಕು ಶಾರ್ಟ್ ಸರ್ಕ್ಯೂಟ್ ಉಂಟುಮಾಡುವುದೂ ಉಂಟು.

ಎಸ್‌ಎಂಪಿಎಸ್: ಹೊರಬರುವ ವೋಲ್ಟೇಜು ಶೇ. 5ರೊಳಗೆ ಇರಬೇಕು, ಅಂದರೆ 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರವರೆಗೆ. ಕೆಲವು ಹಳೆಯ ಘಟಕಗಳ ಹಿಂದೆ 115/230 ಎಂಬ ಕೆಂಪು ಸ್ವಿಚ್ಚು ಇರುತ್ತದೆ. ಭಾರತದಲ್ಲಿ ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಚಾಲೂ ಮಾಡಿದರೆ ಘಟಕವು ಸುಟ್ಟುಹೋಗುತ್ತದೆ.

ಕೆಪ್ಯಾಸಿಟರು: ಮದರ್‌ಬೋರ್ಡಿನ ಮೇಲಿನ ಉರುಳೆಯಾಕಾರದ ಕೆಪ್ಯಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿದ್ದರೆ ಅವು ಕೆಟ್ಟಿವೆ. 2000ದ ದಶಕದ ಆರಂಭದ ವರ್ಷಗಳಲ್ಲಿ ದೋಷಯುಕ್ತ ಕೆಪ್ಯಾಸಿಟರುಗಳಿಂದ ಜಗತ್ತಿನಾದ್ಯಂತ ಅಸಂಖ್ಯ ಗಣಕಗಳು ಅಕಾಲದಲ್ಲಿ ಹಾಳಾದವು.

ಪರೀಕ್ಷೆಯ ಕ್ರಮ

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಪ್ರತಿ ಹಂತದಲ್ಲಿ ಒಂದೇ ಬದಲಾವಣೆ ಮಾಡಬೇಕು.

1. ಬೇರೊಂದು ಸಾಕೆಟ್ಟು, ಬೇರೊಂದು ವಿದ್ಯುತ್ ಕೇಬಲ್ ಬಳಸಿ ನೋಡುವುದು.
2. ಗಣಕವು ಸ್ವಲ್ಪ ಹೊತ್ತಾದರೂ ಓಡುವಂತಿದ್ದರೆ ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸುವುದು. ಈ ಹಂತವನ್ನು ಮುಂದೂಡಬಾರದು.
3. ಪ್ಲಗ್ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಪೆಟ್ಟಿಗೆ ತೆರೆದು ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯುವುದು.
4. 24 ಪಿನ್ನಿನ ಮುಖ್ಯ ಜೋಡಣೆ ಮತ್ತು ಪ್ರೊಸೆಸರಿನ 4 ಅಥವಾ 8 ಪಿನ್ನಿನ ಜೋಡಣೆಗಳನ್ನು ಬಿಗಿಗೊಳಿಸುವುದು. ರ್‍ಯಾಮನ್ನು ತೆಗೆದು ಮತ್ತೆ ಕೂರಿಸುವುದು.
5. ಗುಂಡಿಯ ತಂತಿಯನ್ನು ಮದರ್‌ಬೋರ್ಡಿನಿಂದ ಬಿಡಿಸಿ, ಆ ಎರಡು ಪಿನ್ನುಗಳನ್ನು ತಿರುಪುಳಿಯ ತುದಿಯಿಂದ ಕ್ಷಣಮಾತ್ರ ಕೂಡಿಸಿ ಗಣಕವನ್ನು ಹೊತ್ತಿಸುವುದು. ಈಗ ಆರದಿದ್ದರೆ ಗುಂಡಿಯೇ ದೋಷಿ.
6. ಪ್ರೊಸೆಸರು, ಅದರ ಫ್ಯಾನು ಮತ್ತು ಒಂದೇ ರ್‍ಯಾಮ್ ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಬಿಡಿಸಿ ನೋಡುವುದು. ಗಣಕ ನಿಂತು ಓಡಿದರೆ, ಒಂದೊಂದನ್ನೇ ಮರಳಿ ಜೋಡಿಸುತ್ತಾ ದೋಷಿಯನ್ನು ಗುರುತಿಸುವುದು. ಪ್ರತಿ ಜೋಡಣೆಗೂ ಮುನ್ನ ಪ್ಲಗ್ ಕೀಳಬೇಕು.
7. ಸರಿಯಿರುವುದೆಂದು ತಿಳಿದ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದು. ಆಗಲೂ ದೋಷ ಉಳಿದರೆ ಮದರ್‌ಬೋರ್ಡಿನ ಅಥವಾ ಪ್ರೊಸೆಸರಿನ ಮೇಲೆ ಸಂಶಯ ಉಳಿಯುತ್ತದೆ.

ವಿಂಡೋಸ್ ಬಳಸುವವರು ‘ಈವೆಂಟ್ ವ್ಯೂವರ್’ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಾಣಬಹುದು. ಗಣಕವು ಕ್ರಮವಾಗಿ ಮುಚ್ಚಲ್ಪಡದೆ ನಿಂತಿತ್ತು ಎಂಬುದನ್ನಷ್ಟೇ ಅದು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ.

ಎಚ್ಚರಿಕೆ

ಎಸ್‌ಎಂಪಿಎಸ್‌ನ ಡಬ್ಬಿಯನ್ನು ಬಳಕೆದಾರರು ತೆರೆಯಲೇಬಾರದು. ಅದರೊಳಗಿನ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು, ಅದು ಪ್ರಾಣಾಂತಿಕ. ಸುಟ್ಟ ವಾಸನೆ, ಹೊಗೆ ಅಥವಾ ಕಿಡಿ ಕಂಡಲ್ಲಿ ಮತ್ತೆ ಮತ್ತೆ ಗುಂಡಿ ಒತ್ತಿ ಪರೀಕ್ಷಿಸದೆ, ಪ್ಲಗ್ ಕಿತ್ತು ತಂತ್ರಜ್ಞರಿಗೆ ಒಪ್ಪಿಸಬೇಕು. ಒದ್ದೆ ಕೈಯಿಂದಾಗಲಿ, ತೇವದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಾಗಲಿ ಈ ಕೆಲಸ ಮಾಡಬಾರದು.

ಕೆಟ್ಟ ಭಾಗಗಳ ವಿಲೇವಾರಿ

ಕೆಟ್ಟ ಮದರ್‌ಬೋರ್ಡು, ಎಸ್‌ಎಂಪಿಎಸ್‌ಗಳು ವಿದ್ಯುನ್ಮಾನ ತ್ಯಾಜ್ಯಗಳು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಇವುಗಳಿಗೆ ಅನ್ವಯಿಸುತ್ತವೆ. ಯುಪಿಎಸ್ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇರುವುದರಿಂದ ಅದನ್ನು ತಿಪ್ಪೆಗಾಗಲಿ ಕೆರೆಯಂಗಳಕ್ಕಾಗಲಿ ಎಸೆಯದೆ, ಹೊಸ ಬ್ಯಾಟರಿ ಕೊಳ್ಳುವಾಗ ಮಾರಾಟಗಾರರಿಗೆ ಹಿಂದಿರುಗಿಸಬೇಕು.