ವಿವಾಹ ವಿಚ್ಛೇದನ: ಹಿಂದೂ ಕಾನೂನಿನಲ್ಲಿ ಮಕ್ಕಳ ಸುಪರ್ದಿ ಮತ್ತು ಆಸ್ತಿ

ವಿವಾಹ ವಿಚ್ಛೇದನವೆಂದರೆ ಕ್ರಮಬದ್ಧವಾಗಿ ನಡೆದ ಮದುವೆಯನ್ನು ನ್ಯಾಯಾಲಯದ ಡಿಕ್ರಿಯಿಂದ ಕೊನೆಗೊಳಿಸುವುದು. ಭಾರತದಲ್ಲಿ ಇದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಕಾನೂನಿಲ್ಲ. ಕ್ರೈಸ್ತರಿಗೆ 1869ರ ಕಾಯ್ದೆಯಿದೆ. ಮುಸ್ಲಿಂ ಮಹಿಳೆಯರು 1939ರ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಬಹುದು. ನೋಂದಣಿ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ.

ಧರ್ಮಶಾಸ್ತ್ರಗಳ ದೃಷ್ಟಿಯಲ್ಲಿ ಮದುವೆ ಒಂದು ಸಂಸ್ಕಾರ, ಅದನ್ನು ಬಿಡಿಸುವ ಮಾತಿಲ್ಲ. ರೂಢಿಯ ದಾರಿ ಬೇರೆಯೇ ಇತ್ತು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಹಿರಿಯರ ಎದುರು ಸೋಡಚೀಟಿ ಬರೆದುಕೊಟ್ಟರೆ ಸಂಬಂಧ ಹರಿಯುತ್ತಿತ್ತು, ಹೆಣ್ಣು ಉಡಿಕೆ ಮಾಡಿಕೊಂಡು ಮತ್ತೆ ಸಂಸಾರ ಹೂಡಬಹುದಿತ್ತು. ಶಾಸನ ಬಂದದ್ದು ತಡವಾಗಿ, ಅದೂ ತುಂಡುತುಂಡಾಗಿ: ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ವಿಜಯಪುರಗಳಿಗೆ 1947ರಲ್ಲಿ, ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೆ 1949ರಲ್ಲಿ. 1955ರ ಕಾಯ್ದೆಯ 29ನೆಯ ಪ್ರಕರಣ ರೂಢಿಯ ಬಿಡುಗಡೆಯನ್ನು ಇಂದಿಗೂ ಉಳಿಸಿದೆ. ಆದರೆ ತಮ್ಮಲ್ಲಿ ಅಂಥ ರೂಢಿಯಿದೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು. ಅದು ಆಗದಿದ್ದರೆ ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮುದ್ರೆ ಒತ್ತಿಸಿದ ಒಪ್ಪಂದಕ್ಕೆ ಬೆಲೆಯಿಲ್ಲ, ಅದನ್ನು ನಂಬಿ ಆದ ಎರಡನೆಯ ಮದುವೆ ಅಸಿಂಧುವಾಗುತ್ತದೆ. ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಜನ ಈಗಲೂ ಎಡವುವುದು ಇಲ್ಲಿಯೇ.

ಕಾಯ್ದೆಯ 13ನೆಯ ಪ್ರಕರಣದಲ್ಲಿ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ತೀವ್ರ ಮಾನಸಿಕ ಅಸ್ವಸ್ಥತೆ, ಏಳು ವರ್ಷ ಸುಳಿವಿಲ್ಲದಿರುವುದು ಮೊದಲಾದ ಕಾರಣಗಳಿವೆ. ಪಟ್ಟಿಯಲ್ಲಿದ್ದ ಕುಷ್ಠರೋಗವನ್ನು 2019ರಲ್ಲಿ ತೆಗೆದುಹಾಕಲಾಯಿತು. ಪರಸ್ಪರ ಸಮ್ಮತಿಯ ವಿಚ್ಛೇದನ ಬಂದದ್ದು 1976ರ ತಿದ್ದುಪಡಿಯಿಂದ. ಅದಕ್ಕೆ ದಂಪತಿ ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ರಾಜಿಯ ಆಸೆ ಉಳಿದಿಲ್ಲವೆಂದು ಕಂಡರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಸರಿಪಡಿಸಲಾಗದಷ್ಟು ಮುರಿದುಬಿದ್ದ ಮದುವೆ ಎಂಬ ಕಾರಣ ಮಾತ್ರ ಕಾಯ್ದೆಯಲ್ಲಿಲ್ಲ. ಸಂವಿಧಾನದ 142ನೆಯ ವಿಧಿಯಡಿ ಅದನ್ನು ಬಳಸುವ ಅಧಿಕಾರ ಸುಪ್ರೀಂ ಕೋರ್ಟಿಗಿದೆಯೆಂದು 2023ರ ಸಂವಿಧಾನ ಪೀಠದ ತೀರ್ಪು ಹೇಳಿದೆ, ಕೌಟುಂಬಿಕ ನ್ಯಾಯಾಲಯಗಳಿಗೆ ಆ ಅಧಿಕಾರವಿಲ್ಲ.

ಮಕ್ಕಳ ವಿಷಯದಲ್ಲಿ ಪೋಷಕತ್ವ ಬೇರೆ, ಸುಪರ್ದಿ ಬೇರೆ. ಮಗುವಿನ ಪರವಾಗಿ ನಿರ್ಧಾರ ಕೈಗೊಳ್ಳುವ, ಅದರ ಆಸ್ತಿ ನೋಡಿಕೊಳ್ಳುವ ಅಧಿಕಾರ ಪೋಷಕತ್ವ. ಮಗು ದಿನನಿತ್ಯ ಯಾರ ಬಳಿ ಇರಬೇಕೆಂಬುದು ಸುಪರ್ದಿ. ಹಿಂದೂಗಳ ಪೋಷಕತ್ವ ಕುರಿತ 1956ರ ಕಾಯ್ದೆಯ ಪ್ರಕಾರ ಸಹಜ ಪೋಷಕ ತಂದೆ, ಅವನ ‘ನಂತರ’ ತಾಯಿ. ಲೇಖಕಿ ಗೀತಾ ಹರಿಹರನ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಈ ‘ನಂತರ’ವನ್ನು ‘ಗೈರುಹಾಜರಿಯಲ್ಲಿ’ ಎಂದು ಅರ್ಥೈಸಿತು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪೋಷಕಿಯಾಗಬಹುದು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ಆಮೇಲೆ ನಿರ್ಣಾಯಕವಾಗುವುದು ಮಗುವಿನ ಹಿತ ಮಾತ್ರ: ಓದು, ಆರೋಗ್ಯ, ಒಡಹುಟ್ಟಿದವರ ಜೊತೆ, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟ. ತಂದೆ ತಾಯಿಯರ ಸಂಪಾದನೆಯೊಂದೇ ಮಾನದಂಡವಲ್ಲ. ಸುಪರ್ದಿ ಸಿಗದವರಿಗೆ ವಾರಾಂತ್ಯ, ಹಬ್ಬ, ಬೇಸಿಗೆ ರಜೆಗಳಲ್ಲಿ ಭೇಟಿಯ ಹಕ್ಕಿರುತ್ತದೆ. ಪರಿಸ್ಥಿತಿ ಬದಲಾದಂತೆ ಈ ಆದೇಶಗಳನ್ನೂ ಬದಲಿಸಬಹುದು.

ಹೊರದೇಶದಲ್ಲಿ ನೆಲೆಸಿದ ದಂಪತಿಗಳ ಜಗಳ ಇನ್ನೂ ಜಟಿಲ. ಒಬ್ಬರು ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಬಂದರೆ ಇನ್ನೊಬ್ಬರು ಅಲ್ಲಿನ ನ್ಯಾಯಾಲಯದ ಆದೇಶ ಹಿಡಿದು ಮಗುವನ್ನು ಹಾಜರುಪಡಿಸಬೇಕೆಂದು ಇಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸುವುದುಂಟು. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದ್ದರಿಂದ ವಿದೇಶಿ ಆದೇಶ ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು, ಅದರಿಂದಲೇ ಮೊಕದ್ದಮೆ ಮುಗಿಯುವುದಿಲ್ಲ.

ಮದುವೆ ಮುರಿಯುವ ಬಗೆಯನ್ನು ಇಷ್ಟು ವಿವರಿಸುವ ಕಾನೂನು ಮನೆ ಹಂಚುವಾಗ ಹೆಚ್ಚುಕಡಿಮೆ ಮೌನ ತಾಳುತ್ತದೆ. ದಾಂಪತ್ಯದ ಅವಧಿಯಲ್ಲಿ ಗಳಿಸಿದ್ದು ಇಬ್ಬರಿಗೂ ಸೇರಿದ್ದು ಎಂಬ ಕಲ್ಪನೆ ಹಿಂದೂ ಕಾನೂನಿನಲ್ಲಿಲ್ಲ. ನೆರೆಯ ಗೋವಾದವರಿಗೆ ಪೋರ್ಚುಗೀಸರ ಕಾಲದ ಸಂಹಿತೆಯಡಿ, ಮದುವೆಗೆ ಮುನ್ನ ಬೇರೆ ಕರಾರು ಆಗಿರದಿದ್ದರೆ, ಗಂಡಹೆಂಡಿರ ಆಸ್ತಿ ಸಮಪಾಲು. ಕರ್ನಾಟಕದಲ್ಲಿ ಕ್ರಯಪತ್ರ ಯಾರ ಹೆಸರಿನಲ್ಲಿದೆಯೋ ಆಸ್ತಿ ಅವರದು. ಗಂಡನ ಹೆಸರಿನ ಫ್ಲ್ಯಾಟಿಗೆ ಹೆಂಡತಿ ಕಂತು ಕಟ್ಟಿದ್ದರೆ ಬ್ಯಾಂಕ್ ದಾಖಲೆ ತೋರಿಸಿ ಹಕ್ಕು ಕೇಳಬೇಕು; ಅಡುಗೆಮನೆಯಲ್ಲಿ ಸವೆದ ಇಪ್ಪತ್ತು ವರ್ಷಕ್ಕೆ ಅಂಥ ದಾಖಲೆಯಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೆಯ ಪ್ರಕರಣ ಹೇಳುವುದು ಮದುವೆಯ ಹೊತ್ತಿಗೆ ಬಂದು ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ ಮಾತ್ರ. ಒಡವೆ, ತವರಿನ ಬಳುವಳಿಗಳು ಸ್ತ್ರೀಧನ, ಅವು ಹೆಂಡತಿಯ ಸ್ವಂತ ಸೊತ್ತು. ಅದನ್ನು ಹಿಂತಿರುಗಿಸದ ಗಂಡನ ಮೇಲೆ ನಂಬಿಕೆ ದ್ರೋಹದ ಮೊಕದ್ದಮೆ ಹೂಡಬಹುದೆಂದು 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಗಂಡನ ಆಸ್ತಿಯಲ್ಲಿ ಪಾಲು ಕೊಡಿಸಬಹುದಾಗಿದ್ದ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದರೂ ಕಾನೂನಾಗದೆ ಬಿದ್ದುಹೋಯಿತು.

ಈ ಕೊರತೆಯ ಭಾರವನ್ನೆಲ್ಲ ಹೊರುವುದು ಜೀವನಾಂಶ. ದಾವೆ ನಡೆಯುವಾಗ 24ನೆಯ ಪ್ರಕರಣದಡಿ, ಡಿಕ್ರಿಯ ನಂತರ 25ರಡಿ ಅದನ್ನು ಗಂಡ ಹೆಂಡತಿಯರಲ್ಲಿ ಯಾರು ಬೇಕಾದರೂ ಕೇಳಬಹುದು, ಕೇಳುವವರು ಬಹುತೇಕ ಹೆಂಡತಿಯರೇ. ಆದಾಯ ಮುಚ್ಚಿಡುವ ಚಾಳಿಗೆ ತಡೆಯಾಗಿ, ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ಪರಸ್ಪರ ಸಮ್ಮತಿಯ ಪ್ರಕರಣಗಳಲ್ಲಾದರೆ ಮನೆ, ಚಿನ್ನ, ಶಾಲೆಯ ಶುಲ್ಕ, ಭೇಟಿಯ ದಿನಗಳೆಲ್ಲ ರಾಜಿ ಪತ್ರದಲ್ಲೇ ತೀರ್ಮಾನವಾಗುತ್ತವೆ. ಕಾಯ್ದೆ ಮಾಡದ ಹಂಚಿಕೆ ನಡೆಯುವುದು ಅಲ್ಲಿ. ಆದರೆ ಮಗುವಿನ ಜೀವನಾಂಶವನ್ನು ತಾಯಿ ಆ ಪತ್ರದಲ್ಲಿ ಬಿಟ್ಟುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗ ಅಥವಾ ಮಗಳಿಗಿರುವ ಪಾಲೂ ಹೆತ್ತವರ ವಿಚ್ಛೇದನದಿಂದ ಕಡಿಮೆಯಾಗದು.